ಹಗರೆ ಸ್ಟಾಪಿನಿಂದ: ಮಲ್ಪೆಯಲ್ಲಿ ‘ಕಟ್’ ಹೇಳುವವರಿಲ್ಲ



ಈ ಅಂಕಣದ ಹಳೇ ಗಿರಾಕಿಗಳಿಗೆ ನಮ್ಮ ಹಗರೆ ಎಲ್ಲಿದೆ ಅಂತ ಮತ್ತೆ ಹೇಳಬೇಕಾಗಿಲ್ಲ. ಹೊಸಬರಿಗಾಗಿ ಒಂದು ಮಾತು. ಹಾಸನದಲ್ಲಿ ಬೇಲೂರಿನ ಬಸ್ಸು ಹತ್ತಿ ಕೂತರೆ, ಕಣ್ಣಿಗೆ ನಿದ್ದೆ ಹತ್ತುವ ಹೊತ್ತಿಗೆ ಸರಿಯಾಗಿ ಕಂಡಕ್ಟರು ‘ಹಗರೆ ಯಾರ್ರೀ ಹಗರೆ’ ಎಂದು ಕೂಗುತ್ತಾನೆ. ನೀವು ಕಣ್ಣು ಬಿಟ್ಟು ‘ಬೇಲೂರು ಬಂತಾ?’ ಅಂತ ಕೇಳುತ್ತೀರಿ. ಇಲ್ಲ ಅಂದ ಕೂಡಲೇ ಮತ್ತೆ ಕಣ್ಣು ಮುಚ್ಚುತ್ತೀರಿ. ಹಾಗೆ ನೀವು ಕಣ್ಣು ಮುಚ್ಚಿದ ಊರೇ ನಮ್ಮದು!

1964ರಲ್ಲಿ ಬಿ.ಎಸ್. ರಂಗಾ ಅವರು ಕಲ್ಯಾಣ್‌ಕುಮಾರ್ ಅವರನ್ನು ಹಾಕಿಕೊಂಡು ‘ಅಮರಶಿಲ್ಪಿ ಜಕಣಾಚಾರಿ’ ತೆಗೆದರಲ್ಲ, ಕನ್ನಡದ ಮೊಟ್ಟಮೊದಲ ಪೂರ್ಣ ವರ್ಣಚಿತ್ರ, ಅದನ್ನು ನೋಡಿದ ಮೇಲೆ ಬೇಲೂರಿನ ಶಿಲಾಬಾಲಿಕೆಯರನ್ನು ನೋಡಲೇಬೇಕು ಅಂತ ಬಸ್ಸು ಹತ್ತಿದವರು ಎಷ್ಟು ಮಂದಿಯೋ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಕಾರುಗಳ ಸಾಲು ಇನ್ನೂ ಉದ್ದವಾಗಿದೆ. ಎಲ್ಲರೂ ನಮ್ಮ ಸ್ಟಾಪಿನ ಮುಂದೆಯೇ ಹೋಗುತ್ತಾರೆ. ಗಾಜು ಇಳಿಸಿ ‘ಹಳೇಬೀಡಿಗೆ ಇದೇ ದಾರೀನಾ?’ ಅಂತಾರೆ. ನಾವು ಕೈ ತೋರಿಸುತ್ತೇವೆ. ಗಾಜು ಏರುತ್ತದೆ. ಕೆಲವರು ಏರಿಸುವ ಮುಂಚೆ ನಮ್ಮ ಕಡೆಗೇ ಫೋನು ಹಿಡಿದು ಒಂದು ಚಿತ್ರ ತೆಗೆದುಕೊಂಡು ಹೋಗುವುದೂ ಉಂಟು. ಬೀಡಿ ಸೇದುತ್ತಾ ಕಲ್ಲು ಬೆಂಚಿನ ಮೇಲೆ ಕೂತ ನಾಲ್ಕು ಜನ ಯಾವ ಊರಿನ ಆಲ್ಬಮ್ಮಿನಲ್ಲಿ ಯಾವ ಹೆಸರಿನಲ್ಲಿ ಇದ್ದೇವೋ, ಆ ಚೆನ್ನಕೇಶವನಿಗೇ ಗೊತ್ತು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಈ ಸಲ ನಾವೇ ಗಾಜು ಇಳಿಸಿ ದಾರಿ ಕೇಳುವವರಾಗಿ ಹೋಗಿದ್ದೆವು. ಹೋಗಿದ್ದು ಮಲ್ಪೆಗೆ.

ಕಾರಣ ನಮ್ಮ ಪಂಕ್ಚರ್ ಅಂಗಡಿ ಗೆಳೆಯ. ಹೆಸರು ಬರೆಯಬೇಡ ಅಂತ ಆಣೆ ಹಾಕಿಸಿಕೊಂಡಿದ್ದಾನೆ. ಯಾಕೆ ಅನ್ನುವುದು ಮುಂದೆ ನಿಮಗೇ ತಿಳಿಯುತ್ತದೆ. ಇವನು ‘ಉಳಿದವರು ಕಂಡಂತೆ’ ಚಿತ್ರದ ಹುಚ್ಚ. ಎಷ್ಟು ಸಲ ನೋಡಿದ್ದಾನೋ ಲೆಕ್ಕವಿಲ್ಲ. ಲಾರಿ ಟ್ಯೂಬು ನೀರಿನಲ್ಲಿ ಅದ್ದಿ ಗುಳ್ಳೆ ಎಲ್ಲಿ ಬರುತ್ತೆ ಅಂತ ನೋಡುವಾಗಲೂ ಬಾಯಲ್ಲಿ ರಿಚ್ಚಿಯ ಡೈಲಾಗೇ. ಹಾಸನದ ಸೀಮೆಯ ಹುಡುಗ ಮಂಗಳೂರು ಕಡೆಯ ರಾಗ ಎಳೆದು ಮಾತಾಡಿದರೆ ಹೇಗಿರುತ್ತೆ ಹೇಳಿ! ಲಾರಿ ಡ್ರೈವರುಗಳು ನಕ್ಕೂ ನಕ್ಕೂ ಸುಸ್ತಾಗುತ್ತಾರೆ.

ಚಿತ್ರ ನೋಡದವರಿಗೆ ಎರಡು ಮಾತು. ರಕ್ಷಿತ್ ಶೆಟ್ಟಿ ತಾವೇ ಬರೆದು, ನಿರ್ದೇಶಿಸಿ, ರಿಚ್ಚಿಯಾಗಿ ಅಭಿನಯಿಸಿ 2014ರ ಮಾರ್ಚಿಯಲ್ಲಿ ತೆರೆಗೆ ತಂದ ಚಿತ್ರ. ಕಥೆ ನಡೆಯುವುದೆಲ್ಲ ಮಲ್ಪೆಯಲ್ಲಿ, ಅಷ್ಟಮಿಯ ಆಸುಪಾಸಿನಲ್ಲಿ. ಒಂದೇ ಘಟನೆಯನ್ನು ಬೇರೆ ಬೇರೆ ಜನ ತಮಗೆ ಕಂಡಂತೆ ಹೇಳುತ್ತಾರೆ. ಜಪಾನಿನ ಕುರೊಸಾವಾ 1950ರಲ್ಲಿ ‘ರಾಶೊಮಾನ್’ನಲ್ಲಿ ಹೂಡಿದ ಆಟವನ್ನು ಮೀನಿನ ಬಂದರಿನಲ್ಲಿ ಹೂಡಿದ್ದಾರೆ ಅನ್ನಿ. ತಾರಾ, ಕಿಶೋರ್, ಅಚ್ಯುತ್ ಕುಮಾರ್, ರಿಷಭ್ ಶೆಟ್ಟಿ ಎಲ್ಲರೂ ಇದ್ದಾರೆ. ಹುಲಿವೇಷದ ಬಡಿತಕ್ಕೆ ಅಜನೀಶ್ ಲೋಕನಾಥ್ ಕೊಟ್ಟ ಸಂಗೀತ ಕೇಳಿ ಕೂತವನೂ ಎದ್ದು ನಿಲ್ಲುತ್ತಾನೆ. ತೆರೆ ಕಂಡಾಗ ಎದ್ದಿದ್ದಕ್ಕಿಂತ ಹೆಚ್ಚು ಸದ್ದು ಆಮೇಲಿನ ವರ್ಷಗಳಲ್ಲಿ ಎದ್ದಿತು. ನಿವಿನ್ ಪೌಲಿಯನ್ನು ಹಾಕಿಕೊಂಡು 2017ರಲ್ಲಿ ತಮಿಳಿನವರೂ ತೆಗೆದರು. ಅದರ ವಿಚಾರ ಬಿಡಿ.

ಇನ್ನೊಂದು ಲೆಕ್ಕಾಚಾರವೂ ಇತ್ತು. 2016ರ ‘ಕಿರಿಕ್ ಪಾರ್ಟಿ’ ಷೂಟಿಂಗಿಗೆ ಇದೇ ತಂಡ ನಮ್ಮ ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿಗೆ ಬಂದಿತ್ತು. ‘ಅವರು ನಮ್ಮೂರಿಗೆ ಬಂದು ಹೋಗಿದಾರೆ, ನಾವೊಂದು ಸಲ ಅವರ ಊರಿಗೆ ಹೋಗಿ ಬರೋದು ಮರ್ಯಾದೆ ಕಣೋ’ ಅಂದ ಗೆಳೆಯ. ಇಂಥ ತರ್ಕಕ್ಕೆ ನಾನು ಯಾವಾಗಲೂ ಸೋಲುತ್ತೇನೆ.

ಮನೆಯಲ್ಲಿ ಹೇಳಿದೆಯಾ ಅಂತ ಕೇಳಿದೆ. ‘ಹ್ಞೂಂ ಹ್ಞೂಂ’ ಅಂದ. ಅವನ ಹ್ಞೂಂಕಾರದಲ್ಲಿ ಏನೋ ಐಬು ಇತ್ತು. ನನಗೆ ಆಗ ಹೊಳೆಯಲಿಲ್ಲ.

ಅಷ್ಟಮಿ ಹೊತ್ತಿಗೇ ಹೋಗಬೇಕು ಅಂತ ಅವನ ಹಟ. ಹಾಸನಕ್ಕೆ ಬಂದು ಮಂಗಳೂರಿನ ಬಸ್ಸು ಹಿಡಿದೆವು. ಸಕಲೇಶಪುರ, ಶಿರಾಡಿ ಘಾಟಿ, ಗುಂಡ್ಯ, ಉಪ್ಪಿನಂಗಡಿ. ಘಾಟಿಯ ವರ್ಣನೆ ಮಾಡುವ ಶಕ್ತಿ ನನಗಿಲ್ಲ, ಯಾಕೆಂದರೆ ಘಾಟಿಯುದ್ದಕ್ಕೂ ಮುಂದಿನ ಸೀಟಿನ ಕಂಬಿಗೆ ಹಣೆ ಆನಿಸಿ ಕಣ್ಣು ಮುಚ್ಚಿದ್ದೆ. ಮಂಗಳೂರಿನಿಂದ ಉಡುಪಿಗೆ ಖಾಸಗಿ ಎಕ್ಸ್‌ಪ್ರೆಸ್. ಆ ಡ್ರೈವರು ಬಸ್ಸು ಓಡಿಸಿದ್ದೋ ವಿಮಾನ ಇಳಿಸಿದ್ದೋ ತಿಳಿಯಲಿಲ್ಲ. ಉಡುಪಿಯ ರಥಬೀದಿಯಲ್ಲಿ ಅಂದು ವಿಟ್ಲಪಿಂಡಿ. ಮಣ್ಣಿನ ಕೃಷ್ಣನನ್ನು ರಥದಲ್ಲಿ ಕೂರಿಸಿ ಎಳೆಯುತ್ತಾರೆ, ಗೊಲ್ಲರ ವೇಷದವರು ಕೋಲಿನಿಂದ ಮೊಸರ ಕುಡಿಕೆ ಒಡೆಯುತ್ತಾರೆ, ತಾಸೆಯ ಪೆಟ್ಟಿಗೆ ಹುಲಿಗಳು ಕುಣಿಯುತ್ತವೆ. ಮೈಗೆ ಬಣ್ಣ ಬಳಿಸಿಕೊಳ್ಳಲು ಗಂಟೆಗಟ್ಟಲೆ ಕೈ ಅಗಲಿಸಿ ನಿಂತಿರಬೇಕಂತೆ, ಕೂರುವಂತಿಲ್ಲ, ಒರಗುವಂತಿಲ್ಲ. ನಮ್ಮ ಹೀರೋಗಳ ಮೇಕಪ್ ಕಷ್ಟ ಇದರ ಮುಂದೆ ಯಾವ ಲೆಕ್ಕ! ಗೆಳೆಯ ಹುಲಿಗಳ ಹಿಂದೆ ಓಡಿ ಎರಡು ಸಲ ಕಳೆದುಹೋದ. ರಾತ್ರಿ ಒಂದು ಲಾಡ್ಜಿನಲ್ಲಿ ಮಲಗಿ, ಬೆಳಗ್ಗೆ ಸಿಟಿ ಬಸ್ಸಿನಲ್ಲಿ ಮಲ್ಪೆ.

ಮಿತ್ರರೇ, ಮೊದಲು ಬಂದರಿನ ಮಾತು.

ಬೆಳ್ಳಿತೆರೆಯಲ್ಲಿ ಬಂದರು ಅಂದರೆ ಏನಿರುತ್ತದೆ? ವಿಲನ್ ಇರುತ್ತಾನೆ, ಮರದ ಪೆಟ್ಟಿಗೆಯಲ್ಲಿ ಚಿನ್ನದ ಬಿಸ್ಕತ್ತು ಇರುತ್ತದೆ, ಕ್ಲೈಮ್ಯಾಕ್ಸಿನಲ್ಲಿ ಜೀಪು ಬಂದು ಡ್ರಮ್ಮುಗಳಿಗೆ ಗುದ್ದುತ್ತದೆ. ನಿಜವಾದ ಬಂದರಿನಲ್ಲಿ ಮೊದಲು ಸಿಗುವುದು ವಾಸನೆ. ಎರಡನೆಯದು ಐಸು. ಯಂತ್ರದಿಂದ ಐಸಿನ ಪುಡಿ ದಬದಬನೆ ಸುರಿಯುತ್ತಿರುತ್ತದೆ, ಅದನ್ನು ಬೋಟಿನ ಹೊಟ್ಟೆಗೆ ತುಂಬುತ್ತಾರೆ. ಆಳಸಮುದ್ರದ ಬೋಟು ಒಮ್ಮೆ ಹೋದರೆ ಹತ್ತು ದಿನ ಆಚೆಗೇ ಇರುತ್ತದೆ, ಹಿಡಿದ ಮೀನು ಅಷ್ಟು ದಿನ ಕೆಡಬಾರದಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟು ಕಡಲಿಗೆ ಇಳಿಯುವಂತಿಲ್ಲ, ಸರ್ಕಾರದ ನಿಷೇಧ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಹುಚ್ಚೆದ್ದಿರುವ ಕಾಲ. ಆಗಸ್ಟಿನಲ್ಲಿ ಬಾಗಿಲು ತೆರೆದಂತೆ ಎಲ್ಲವೂ ಒಟ್ಟಿಗೇ ಶುರು. ನಾವು ಹೋದಾಗ ಆ ಭರಾಟೆ ಇನ್ನೂ ಇಳಿದಿರಲಿಲ್ಲ.

ಸಾಲುಸಾಲು ಬೋಟುಗಳು, ಒಂದರ ಪಕ್ಕೆಗೆ ಇನ್ನೊಂದು ತಾಗಿಸಿಕೊಂಡು. ಎಲ್ಲಕ್ಕೂ ದೇವರ ಹೆಸರು, ಅಮ್ಮನ ಹೆಸರು. ಬುಟ್ಟಿ ಬುಟ್ಟಿ ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ, ಸಿಗಡಿ. ಹೆಸರು ಹೇಳಿಕೊಟ್ಟವನು ಬುಟ್ಟಿ ಎಳೆಯುತ್ತಿದ್ದ ಒಡಿಶಾದ ಹುಡುಗ! ಅವನಿಗೆ ನಮಗಿಂತ ಚೆನ್ನಾಗಿ ತುಳು ಬರುತ್ತದೆ. ಬೋಟಿನ ಕೆಲಸಕ್ಕೆ ಈಗ ಎಲ್ಲೆಲ್ಲಿಂದಲೋ ಬರುತ್ತಾರೆ, ಒಡಿಶಾ, ಆಂಧ್ರ, ಜಾರ್ಖಂಡ್, ನಮ್ಮ ಉತ್ತರ ಕನ್ನಡ. ಹರಾಜು ಕೂಗುವ ಸ್ಪೀಡಿನಲ್ಲಿ ಯಾವ ಡಬ್ಬಿಂಗ್ ಕಲಾವಿದನೂ ಮಾತಾಡಲಾರ. ಗಾಳಿಯಲ್ಲಿ ಕಾಗೆಗಿಂತ ಹೆಚ್ಚು ಗರುಡ. ಗರುಡ ಕಂಡ ಕೂಡಲೇ ಕೈ ಮುಗಿಯುವುದು ನಮ್ಮ ಕಡೆಯ ಪದ್ಧತಿ. ಐದು ನಿಮಿಷದಲ್ಲಿ ನನ್ನ ಕೈ ಸೋತು ಹೋಯಿತು.

ಗೆಳೆಯನಿಗೆ ಇದು ಯಾವುದೂ ಬೇಕಾಗಿರಲಿಲ್ಲ. ‘ರಿಚ್ಚಿ ನಡ್ಕೊಂಡು ಬರೋದು ಎಲ್ಲಿ, ಆ ಷಾಟು ಎಲ್ಲಿ’ ಅಂತ ಫೋನಿನಲ್ಲಿ ಚಿತ್ರ ಹಾಕಿ ಹಿಡಿದುಕೊಂಡು ಜಾಗ ಹೊಂದಿಸುತ್ತಿದ್ದ. ಒಬ್ಬರನ್ನು ಕೇಳಿದರೆ ಆ ಕಡೆ ಅಂತಾರೆ, ಇನ್ನೊಬ್ಬರು ಈ ಕಡೆ ಅಂತಾರೆ. ಒಂದೇ ಷೂಟಿಂಗು, ಊರಿನವರಿಗೆ ಒಬ್ಬೊಬ್ಬರಿಗೆ ಒಂದೊಂದು ಥರ ಕಂಡಿದೆ! ಚಿತ್ರದ ಹೆಸರು ಸುಮ್ಮನೆ ಇಟ್ಟಿದ್ದಲ್ಲ ಅನ್ನಿಸಿತು.

ಅಷ್ಟರಲ್ಲಿ ಅವನ ಕಣ್ಣಿಗೆ ಒಬ್ಬ ಮೀನು ಮಾರುವ ಹೆಂಗಸು ಬಿದ್ದರು. ಐವತ್ತರ ವಯಸ್ಸು ಇರಬಹುದು. ಕೆಂಪು ಬುಟ್ಟಿಯ ಹಿಂದೆ ಕೂತು, ತಲೆ ಬಗ್ಗಿಸಿ, ದುಡ್ಡು ಎಣಿಸುತ್ತಿದ್ದರು. ‘ಥೇಟು ಪಿಚ್ಚರ್ ತರಾನೇ ಇದೆ’ ಅಂದವನೇ ಎರಡು ಹೆಜ್ಜೆ ಹತ್ತಿರ ಹೋಗಿ, ಮುಖದ ಮುಂದೆಯೇ ಫೋನು ಹಿಡಿದು ತೆಗೆದ. ಆಕೆ ತಲೆ ಎತ್ತಿ ‘ದಾನೆ?’ ಅಂದರು. ಏನು ಅಂತ ಅರ್ಥ. ಗೆಳೆಯ ಹಲ್ಲು ಕಿರಿದ. ಆಕೆ ಕನ್ನಡಕ್ಕೆ ತಿರುಗಿ ಕೇಳಿದರು: ‘ಮೀನು ಬೇಕಾ?’

‘ಇಲ್ಲಕ್ಕ, ಸುಮ್ನೆ ಫೋಟೊ.’

‘ಸುಮ್ನೆಯಾ?’

ಅಷ್ಟೇ. ಬೈಯಲಿಲ್ಲ, ಕೂಗಾಡಲಿಲ್ಲ. ಸೆರಗು ಸರಿಮಾಡಿಕೊಂಡು ಮತ್ತೆ ಮೊದಲಿನಿಂದ ದುಡ್ಡು ಎಣಿಸಲು ಶುರು ಮಾಡಿದರು. ನಾವು ಲೆಕ್ಕ ತಪ್ಪಿಸಿದ್ದೆವು ಅಂತ ಆಗ ಗೊತ್ತಾಯಿತು. ಕಲ್ಲು ಬೆಂಚಿನ ಮೇಲೆ ಕೂತು ನಾನು ಎಷ್ಟು ಕಾರುಗಳಿಗೆ ಶಾಪ ಹಾಕಿಲ್ಲ! ಮುಖಕ್ಕೆ ಬಿಸಿ ನೀರು ಎರಚಿದಂತಾಯಿತು. ಅಳಿಸು ಅಂತ ಗೆಳೆಯನಿಗೆ ಹೇಳಿದೆ. ‘ಆಮೇಲೆ ಅಳಿಸ್ತೀನಿ ಬಿಡೋ’ ಅಂದ.

ಮಳೆಗಾಲದ ಕಡಲು, ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಬಿಡುವುದಿಲ್ಲ ಅಂದರು. ದಡದಲ್ಲಿ ನಿಂತು ನೋಡಿದರೆ ಒಂದು ಗೆರೆ, ಅದರ ಮೇಲೆ ತೆಂಗಿನ ತಲೆಗಳು. ಆ ದ್ವೀಪದ ಕಲ್ಲುಗಳು ಕಂಬ ಕಂಬವಾಗಿ ನಿಂತಿವೆಯಂತೆ. ನೆಲದೊಳಗಿನ ಬೆಂಕಿಯ ರಸ ಉಕ್ಕಿ ಬಂದು, ಆರುವಾಗ ತಾನೇ ಬಿರುಕು ಬಿಟ್ಟು ಆರು ಮೂಲೆಯ ಕಂಬಗಳಾದವು. ಸುಮಾರು 8.8 ಕೋಟಿ ವರ್ಷದ ಹಿಂದಿನ ಮಾತು, ಆಫ್ರಿಕಾದ ಪಕ್ಕದ ಮಡಗಾಸ್ಕರ್ ನಮ್ಮ ನಾಡಿನಿಂದ ಕಳಚಿಕೊಳ್ಳುತ್ತಿದ್ದ ಕಾಲ ಎನ್ನುತ್ತಾರೆ ಭೂವಿಜ್ಞಾನಿಗಳು. ಬೇಲೂರಿನ ಕಂಬ ನೋಡಿ ಬೆಳೆದ ನಮಗೆ, ಉಳಿ ಇಲ್ಲದೆ, ಜಕಣಾಚಾರಿ ಇಲ್ಲದೆ ಕಂಬ ಆಗಿದೆ ಅಂದರೆ ನೋಡಲೇಬೇಕಿತ್ತು. ಆಗಲಿಲ್ಲ. ಬೀಚಿನಲ್ಲಿ ನೀರಿಗಿಳಿಯಬೇಡಿ ಅಂತ ಬೋರ್ಡು, ಕೆಂಪು ಬಾವುಟ, ಸೀಟಿ ಊದುವ ಕಾವಲಿನವರು. ಗೆಳೆಯನಿಗೆ ಇದು ರುಚಿಸಲಿಲ್ಲ. ‘ಸೇತುವೆ ದಾಟಿದ್ರೆ ಪಡುಕೆರೆ, ಅಲ್ಲಿ ಜನ ಇರಲ್ಲ’ ಅಂತ ಯಾರೋ ಹೇಳಿದ್ದನ್ನು ಹಿಡಿದುಕೊಂಡ. ನಡೆದೇ ಹೋದೆವು.

ಪಡುಕೆರೆ ಚೆಂದದ ಜಾಗ, ಸುಳ್ಳು ಹೇಳಬಾರದು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಒಂದು ರಸ್ತೆ, ತೆಂಗು, ಮನೆಗಳು. ಅಂಗಳದಲ್ಲಿ ಬಲೆ ಹರವಿದ್ದಾರೆ. ಒಬ್ಬ ವಯಸ್ಸಾದವರು ನೆರಳಿನಲ್ಲಿ ಕೂತು ಹರಿದ ಬಲೆ ಹೆಣೆಯುತ್ತಿದ್ದರು. ಕಾಲ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು, ಕೈಯಲ್ಲಿ ಸೂಜಿಯಂಥ ಒಂದು ಪಟ್ಟಿ ಆಡಿಸುತ್ತಾ. ನಾನು ಅವರ ಹತ್ತಿರ ನಿಂತೆ. ಗೆಳೆಯ ಮರಳಿಗೆ ಇಳಿದ.

‘ಎಲ್ಲಿಂದ ಬಂದದ್ದು ನೀವು?’

‘ಹಗರೆ ಅಂತ, ಬೇಲೂರು ಹತ್ರ.’

‘ಬೇಲೂರು ಗೊತ್ತುಂಟು. ದೇವಸ್ಥಾನಕ್ಕೆ ಬಂದಿದ್ದೆ ಒಮ್ಮೆ.’ ನಮ್ಮ ಊರ ಮುಂದೆಯೇ ಹೋಗಿರಬಹುದು ಅವರೂ. ಕಣ್ಣು ಮುಚ್ಚಿಕೊಂಡೋ ಏನೋ.

ತಾವು ಮೊದಲು ಬೋಟಿನಲ್ಲಿ ತಾಂಡೇಲರಾಗಿದ್ದುದಾಗಿ ಹೇಳಿದರು. ತಾಂಡೇಲ ಅಂದರೆ ಬೋಟಿನ ಯಜಮಾನಿಕೆ ನೋಡುವವನು, ದಿಕ್ಕು ಹಿಡಿಯುವವನು, ನಮ್ಮ ಭಾಷೆಯಲ್ಲಿ ಡೈರೆಕ್ಟರು ಅನ್ನಿ. ನಾನು ಬುದ್ಧಿ ಉಪಯೋಗಿಸಿ ‘ಸಮುದ್ರದ ಮೇಲೆ ಹೆದರಿಕೆ ಆಗಲ್ವಾ?’ ಅಂತ ಕೇಳಿದೆ. ಕೇಳಬಾರದಿತ್ತು. ಅವರು ಸ್ವಲ್ಪ ಹೊತ್ತು ಬಲೆ ಹೆಣೆದು, ಆಮೇಲೆ ‘ಸುವರ್ಣ ತ್ರಿಭುಜ ಗೊತ್ತುಂಟಾ ನಿಮಗೆ?’ ಅಂದರು.

ಪೇಪರಿನಲ್ಲಿ ಓದಿದ್ದು ನೆನಪಿತ್ತು. ನಿಮ್ಮಲ್ಲೂ ಕೆಲವರಿಗೆ ಇರಬಹುದು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಬೋಟು. ಏಳು ಜನ, ಇಲ್ಲಿಯವರೂ ಇದ್ದರು, ಉತ್ತರ ಕನ್ನಡದವರೂ ಇದ್ದರು. 15ರ ರಾತ್ರಿಯ ನಂತರ ಸಂಪರ್ಕವೇ ಇಲ್ಲ. ಬೋಟೂ ಇಲ್ಲ, ಹಲಗೆಯೂ ಇಲ್ಲ. ಜನವರಿಯಲ್ಲಿ ಮೀನುಗಾರರು ಸಾವಿರಗಟ್ಟಲೆ ಸೇರಿ ಹೆದ್ದಾರಿಯಲ್ಲಿ ಕೂತರು, ನಮ್ಮವರನ್ನು ಹುಡುಕಿಕೊಡಿ ಅಂತ. ಕೊನೆಗೆ 2019ರ ಮೇ ತಿಂಗಳಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಹಡಗು ಮಹಾರಾಷ್ಟ್ರದ ಮಾಲ್ವಣದ ಆಚೆ, ಸುಮಾರು 60 ಮೀಟರು ಆಳದಲ್ಲಿ ಬೋಟಿನ ಅವಶೇಷ ಪತ್ತೆ ಮಾಡಿತು. ಡಿಸೆಂಬರಿನಿಂದ ಮೇವರೆಗೆ, ಐದು ತಿಂಗಳು, ಏಳು ಮನೆಗಳಲ್ಲಿ ಬಾಗಿಲು ಹಾಕಿ ಮಲಗಿದವರು ಯಾರು?

‘ಬೋಟು ಸಿಕ್ಕಿತು’ ಅಂದರು ಅವರು. ಮುಂದೆ ಹೇಳಲಿಲ್ಲ. ‘ಹೆದರಿಕೆ ಅಂದ್ರೆ ನಮಗಲ್ಲ, ದಡದಲ್ಲಿ ಕೂತವರಿಗೆ. ನಮಗೆ ಕೆಲಸ ಇರ್ತದೆ, ಅವರಿಗೆ ಎಂತ ಕೆಲಸ ಉಂಟು? ಕಾಯುದು.’

ಆಗಲೇ ಅವರು ಕತ್ತು ಹೊರಳಿಸಿ ನೀರಿನ ಕಡೆ ನೋಡಿದ್ದು. ಬಲೆ ಕಾಲಿನಿಂದ ಕಿತ್ತು ಎಸೆದು ಎದ್ದರು. ಅಷ್ಟು ವಯಸ್ಸಿನವರು ಅಷ್ಟು ಬೇಗ ಏಳುವುದನ್ನು ನಾನು ಕಂಡಿಲ್ಲ.

ನಡೆದದ್ದು ಇಷ್ಟು. ಗೆಳೆಯ ಮೊಣಕಾಲುದ್ದ ನೀರಿನಲ್ಲಿ ದಡಕ್ಕೆ ಬೆನ್ನು ಹಾಕದೆ, ಕಡಲಿಗೆ ಬೆನ್ನು ಹಾಕಿ ನಿಂತು ರಿಚ್ಚಿಯ ಪೋಸು ಕೊಟ್ಟು ತನ್ನ ಚಿತ್ರ ತಾನೇ ತೆಗೆದುಕೊಳ್ಳುತ್ತಿದ್ದ. ಹಿಂದಿನಿಂದ ಬಂದ ಅಲೆ ಕಾಣಲಿಲ್ಲ. ಬಿದ್ದ. ಎದ್ದ. ಎದ್ದಾಗ ನೀರು ಎದೆಯವರೆಗಿತ್ತು. ಇನ್ನೊಂದು ಅಲೆ. ಆಮೇಲೆ ಬರೀ ತಲೆ. ಅವನು ಈಜಬಲ್ಲ, ಕೆರೆಯಲ್ಲಿ ಕಲಿತವನು. ದಡದ ಕಡೆಗೇ ಕೈ ಬೀಸುತ್ತಿದ್ದಾನೆ, ಆದರೆ ದೂರ ದೂರ ಹೋಗುತ್ತಿದ್ದಾನೆ! ನಾನು ಕೂಗಿದೆ. ನನ್ನ ಗಂಟಲಿನಿಂದ ಬಂದದ್ದು ಏನು ಅಂತ ನನಗೇ ಗೊತ್ತಿಲ್ಲ. ಓಡಿ ನೀರಿಗೆ ಇಳಿಯಹೋದೆ. ಅವರು ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದು ಮರಳಿನ ಮೇಲೆ ಕೆಡವಿದರು. ‘ಎರಡು ಹೆಣ ಎಳೆಯುದಕ್ಕೆ ನನಗೆ ಆಗುದಿಲ್ಲ!’

ಸಿನಿಮಾದಲ್ಲಾದರೆ ಇಲ್ಲಿ ಹೀರೋ ಹಾರಬೇಕು. ಇಲ್ಲಿ ಹಾರಲಿಲ್ಲ ಯಾರೂ. ಅವರು ತುಳುವಿನಲ್ಲಿ ಕೂಗಿದ್ದಕ್ಕೆ ಎರಡು ಮನೆಯಿಂದ ಇಬ್ಬರು ಹುಡುಗರು ಬಂದರು. ಒಬ್ಬನ ಕೈಯಲ್ಲಿ ಬಲೆಯ ಹಗ್ಗ, ಇನ್ನೊಬ್ಬನ ಹೆಗಲಲ್ಲಿ ಗಾಳಿ ತುಂಬಿದ ಹಳೆಯ ಲಾರಿ ಟ್ಯೂಬು. ಗೆಳೆಯ ಇದ್ದ ಕಡೆಗೆ ನೇರ ಹೋಗಲಿಲ್ಲ. ದಡದ ಮೇಲೆಯೇ ಆಚೆಗೆ ಐವತ್ತು ಹೆಜ್ಜೆ ಓಡಿ, ಅಲೆ ಒಡೆಯುವ ಕಡೆಯಿಂದ ಇಳಿದರು. ಅವರು ದಡದಿಂದ ಗೆಳೆಯನಿಗೆ ಕೈ ಸನ್ನೆ ಮಾಡುತ್ತಿದ್ದರು, ಈ ಕಡೆ ಬರಬೇಡ, ಆ ಕಡೆ, ಅಡ್ಡಕ್ಕೆ, ಅಡ್ಡಕ್ಕೆ. ಎಷ್ಟು ಹೊತ್ತೋ. ನಾನು ಲೆಕ್ಕ ಹೇಳಲಾರೆ. ಗೆಳೆಯನ ಒಂದು ಕೈ ಟ್ಯೂಬಿನ ಮೇಲೆ ಬಿದ್ದದ್ದು ಕಂಡಿತು. ಹಗ್ಗ ಎಳೆದೆವು. ನಾನೂ ಎಳೆದೆ. ಅಂಗೈ ಸುಲಿದದ್ದು ರಾತ್ರಿ ಊಟಕ್ಕೆ ಕೂತಾಗ ಗೊತ್ತಾಯಿತು.

ಆಮೇಲೆ ಅವರು ವಿವರಿಸಿದ್ದನ್ನು ನಿಮಗೂ ಹೇಳಿಬಿಡುತ್ತೇನೆ, ಈ ಅಂಕಣ ಓದುವವರಲ್ಲಿ ಅರ್ಧಕ್ಕರ್ಧ ಜನ ನಮ್ಮ ಹಾಗೆಯೇ ಕೆರೆ ಈಜಿದವರು. ಅಲೆ ದಡಕ್ಕೆ ತಂದು ಸುರಿದ ನೀರು ಎಲ್ಲಾದರೂ ವಾಪಸ್ಸು ಹೋಗಲೇಬೇಕು. ಅದು ಒಂದು ಕಡೆ ಕಾಲುವೆ ಮಾಡಿಕೊಂಡು ಹೋಗುತ್ತದೆ. ಆ ಕಾಲುವೆಯ ಮೇಲೆ ಅಲೆ ಒಡೆಯುವುದಿಲ್ಲ, ನೀರು ತಣ್ಣಗೆ, ಸಾಧುವಾಗಿ ಕಾಣುತ್ತದೆ. ಹೊಸಬರು ‘ಇಲ್ಲಿ ಅಲೆ ಕಮ್ಮಿ’ ಅಂತ ಅಲ್ಲಿಯೇ ಇಳಿಯುತ್ತಾರೆ. ಅದೇ ಒಯ್ಯುವ ಜಾಗ. ಅದಕ್ಕೆ ಎದುರಾಗಿ ಈಜಿದರೆ ಎಂಥ ಪೈಲ್ವಾನನಿಗೂ ಕೈ ಸೋಲುತ್ತದೆ. ದಡಕ್ಕೆ ಸಮನಾಗಿ ಅಡ್ಡಕ್ಕೆ ಈಜಿ ಆ ಕಾಲುವೆಯಿಂದ ಹೊರಗೆ ಬರಬೇಕು, ಆಮೇಲೆ ಅಲೆಯ ಜೊತೆ ದಡಕ್ಕೆ. ಕೈ ಸೋತರೆ ಸುಮ್ಮನೆ ತೇಲಿಕೊಂಡು ಕೈ ಎತ್ತಬೇಕು. ಇಷ್ಟೆಲ್ಲ ಹೇಳಿ ಕೊನೆಗೆ, ‘ಇದು ಗೊತ್ತುಂಟು ಅಂತ ಇಳಿಯುದಲ್ಲ ಮತ್ತೆ! ಮಳೆಗಾಲದಲ್ಲಿ ನಾವೇ ಇಳಿಯುದಿಲ್ಲ’ ಅಂತ ಗದರಿದರು.

ಗೆಳೆಯ ಮರಳಿನ ಮೇಲೆ ಮಗ್ಗುಲಾಗಿ ಬಿದ್ದುಕೊಂಡು ಉಪ್ಪುನೀರು ಕಕ್ಕಿದ. ಮುಖ ಸುಣ್ಣ. ಅವರು ತಲೆ ಒರೆಸುತ್ತಾ ಕೇಳಿದರು: ‘ಎಂತಕ್ಕೆ ಹೋದದ್ದು?’

ನಾನು ಸಿನಿಮಾ, ರಿಚ್ಚಿ, ಫೋಟೊ ಅಂತ ಏನೋ ತೊದಲಿದೆ.

‘ಆ ಹುಡುಗ ಇಲ್ಲಿ ಷೂಟಿಂಗ್ ಮಾಡಿದ್ದು ನಾನೂ ನೋಡಿದ್ದೇನೆ ಮಾರಾಯ. ಅವರಿಗೆ ಕಟ್ ಹೇಳ್ಲಿಕ್ಕೆ ಜನ ಇರ್ತದೆ. ಅಲೆಗೆ ಯಾರು ಕಟ್ ಹೇಳುದು?’

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದರು: ‘ಮನೆಯಲ್ಲಿ ಯಾರುಂಟು?’

‘ಅವ್ವ ಒಬ್ಳೇ’ ಅಂದ ಗೆಳೆಯ.

‘ಹೇಳಿ ಬಂದಿದ್ದೀಯಾ?’

ಗೆಳೆಯ ಮಾತಾಡಲಿಲ್ಲ. ಆಮೇಲೆ ನೆಲ ನೋಡುತ್ತಾ ಹೇಳಿದ: ‘ಟ್ಯೂಬು ತರಕ್ಕೆ ಹಾಸನಕ್ಕೆ ಹೋಗ್ತೀನಿ, ರಾತ್ರಿ ದೊಡ್ಡಪ್ಪನ ಮನೇಲಿ ಇರ್ತೀನಿ ಅಂದಿದ್ದೆ.’

ಆ ಮನುಷ್ಯ ಆವರೆಗೆ ಗದರಿದ್ದರು, ನಕ್ಕಿದ್ದರು, ಎಲ್ಲ ಮಾಡಿದ್ದರು. ಈಗ ಮಾತ್ರ ಸಿಟ್ಟು ಬಂತು. ಸುಮ್ಮನಾಗಿಬಿಟ್ಟರು. ನನಗೆ ಅರ್ಥವಾಯಿತು. ಹಾಸನದಲ್ಲಿ ಮಗ ಇದ್ದಾನೆ ಅಂದುಕೊಂಡ ತಾಯಿ, ಮಗ ಬರದಿದ್ದರೆ ಹಾಸನದಲ್ಲಿ ಹುಡುಕುತ್ತಿದ್ದಳು. ಟ್ಯೂಬಿನ ಅಂಗಡಿ ಅಂಗಡಿ ಕೇಳುತ್ತಿದ್ದಳು. ಮಲ್ಪೆಯ ಹೆಸರು ಅವಳಿಗೆ ಯಾರು ಹೇಳಬೇಕಿತ್ತು?

‘ಫೋನು ಮಾಡು’ ಅಂತ ತಮ್ಮದನ್ನೇ ಕೊಟ್ಟರು. ಗೆಳೆಯನ ಫೋನು ಕಡಲಿನ ಪಾಲಾಗಿತ್ತು, ನನ್ನ ಹಳೇ ಬಟನ್ ಫೋನು ಲಾಡ್ಜಿನಲ್ಲಿ ಚಾರ್ಜಿಗೆ ಇತ್ತು. ಈಗ ನೋಡಿ ತಮಾಷೆ, ಅವ್ವನ ನಂಬರು ಅವನಿಗೆ ಬಾಯಿಗೆ ಬರುವುದಿಲ್ಲ! ಇಡೀ ಚಿತ್ರದ ಡೈಲಾಗು ಬರುತ್ತೆ, ಹತ್ತು ಅಂಕಿ ಬರಲಿಲ್ಲ. ಅವನ ಅಂಗಡಿಯ ಬೋರ್ಡಿನ ಕೆಳಗೆ ಮನೆ ನಂಬರು ಬರೆಸಿದ್ದು ನನಗೆ ನೆನಪಿತ್ತು. ದಿನಾ ಎದುರಿನ ಬೆಂಚಿನಲ್ಲಿ ಕೂತು ನೋಡುವವನು ನಾನು. ಹೇಳಿದೆ. ಒತ್ತಿದ.

ನಾವೆಲ್ಲ ಸ್ವಲ್ಪ ದೂರ ಸರಿದೆವು, ಆದರೂ ಕೇಳಿಸಿತು.

‘ಅವ್ವಾ, ನಾನು. ಬೇರೆಯವರ ಫೋನು. ಹಾಸನದಲ್ಲಿ ಇಲ್ಲ ಕಣವ್ವ. ಮಲ್ಪೇಲಿದೀನಿ. ಮಲ್ಪೆ. ಉಡುಪಿ ಹತ್ರ. ಹ್ಞೂಂ, ಸಮುದ್ರ ಇದೆ.’

ಆ ಕಡೆಯಿಂದ ಏನೋ ಅಂದರು. ಇವನು ತುಂಬಾ ಹೊತ್ತು ಉತ್ತರ ಕೊಡಲಿಲ್ಲ.

‘ಇಲ್ಲವ್ವ. ಇಳಿಯಲ್ಲ’ ಅಂದ. ಅಂದು, ಒದ್ದೆ ತೋಳಿನಲ್ಲಿ ಮುಖ ಒರೆಸಿಕೊಂಡ.

ಒಬ್ಬ ಹುಡುಗನ ಮನೆಯಲ್ಲಿ ಒಣ ಅಂಗಿ ಕೊಟ್ಟರು. ಕುಚ್ಚಲಕ್ಕಿ ಗಂಜಿ, ಸುಟ್ಟ ಬಂಗುಡೆ, ಉಪ್ಪಿನಕಾಯಿ ಹಾಕಿದರು. ಮುದ್ದೆ ನುಂಗಿ ಬೆಳೆದ ಗಂಟಲು ನಮ್ಮದು, ಆ ದಪ್ಪ ಅನ್ನ ಅಗಿಯುವುದು ಮೊದಲು ತುಸು ಕಷ್ಟವಾಯಿತು, ಎರಡನೇ ಸಲ ನಾನೇ ಕೇಳಿ ಹಾಕಿಸಿಕೊಂಡೆ. ದುಡ್ಡು ಕೊಡಹೋದರೆ ಮನೆಯಾಕೆ ‘ಹೋಟೆಲ್ ಅಲ್ಲ ಇದು’ ಅಂದುಬಿಟ್ಟರು. ಗೆಳೆಯ ಉಣ್ಣಲಿಲ್ಲ, ಗಂಜಿ ನೀರು ಮಾತ್ರ ಕುಡಿದ. ಆದರೆ ಅಂಗಳದಲ್ಲಿ ಒಣಗಲು ಇಟ್ಟಿದ್ದ ಆ ಲಾರಿ ಟ್ಯೂಬಿನ ಹತ್ತಿರ ಹೋಗಿ ಕೂತ. ಸುತ್ತ ತಿರುಗಿಸಿ ತಿರುಗಿಸಿ ನೋಡಿದ. ಬೆರಳಿನಿಂದ ಒಂದು ಕಡೆ ಒತ್ತಿದ.

‘ಪ್ಯಾಚು ಸರಿಯಾಗಿ ಹಾಕಿಲ್ಲ’ ಅಂದ. ‘ಅಂಚು ಎದ್ದಿದೆ. ಇನ್ನೊಂದು ತಿಂಗಳು ಬರಲ್ಲ.’

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅವನು ನಗಲಿಲ್ಲ. ಮಲ್ಪೆ ಪೇಟೆಗೆ ನನ್ನನ್ನೇ ಓಡಿಸಿ ಸೈಕಲ್ ಅಂಗಡಿಯಿಂದ ಸಲ್ಯೂಷನ್ನು, ಪ್ಯಾಚು, ಉಜ್ಜುಕಾಗದ ತರಿಸಿದ. ಉಜ್ಜಿ, ಒಣಗಿಸಿ, ಅಂಟಿಸಿ, ಕಲ್ಲಿನಿಂದ ತಟ್ಟಿ, ಬಕೆಟ್ಟಿನ ನೀರಿನಲ್ಲಿ ಅದ್ದಿ ನೋಡಿದ. ಒಂದು ಗುಳ್ಳೆ ಬರಲಿಲ್ಲ. ಆಮೇಲೆ ಅವರ ಮನೆಯಲ್ಲಿದ್ದ ಇನ್ನೂ ಮೂರು ಟ್ಯೂಬು ತರಿಸಿಕೊಂಡ. ಕತ್ತಲಾಗುವವರೆಗೂ ಅದೇ ಕೆಲಸ. ತಾಂಡೇಲರು ಜಗಲಿಯಲ್ಲಿ ಕೂತು ಬಲೆ ಹೆಣೆಯುತ್ತಾ ನೋಡುತ್ತಿದ್ದರು. ಇಬ್ಬರೂ ಮಾತಾಡಲಿಲ್ಲ.

ಮರುದಿನ ಬೆಳಗ್ಗೆ ಊರಿಗೆ ಹೊರಡುವ ಮುಂಚೆ ಬಂದರಿಗೆ ಮತ್ತೆ ಹೋದೆವು. ಆ ಮೀನಿನಾಕೆ ಅದೇ ಜಾಗದಲ್ಲಿದ್ದರು. ಗೆಳೆಯ ಹೋಗಿ ‘ಅಕ್ಕ, ನಿನ್ನೆ ತೆಗೆದ ಫೋಟೊ ಹೋಯ್ತು, ಫೋನೇ ಸಮುದ್ರಕ್ಕೆ ಬಿತ್ತು’ ಅಂದ. ಆಕೆ ಅವನನ್ನು ಮೇಲಿನಿಂದ ಕೆಳಗೆ ನೋಡಿದರು. ಪಡುಕೆರೆಯ ಸುದ್ದಿ ಅಷ್ಟರಲ್ಲಿ ಸೇತುವೆ ದಾಟಿ ಬಂದಿತ್ತು ಅಂತ ಕಾಣುತ್ತದೆ.

‘ನೀನಾ ಅದು?’ ಅಂದರು. ‘ಹೋಗ್ಲಿ. ಈಗಾದ್ರೂ ಮೀನು ಬೇಕಾ?’

ಹಗರೆ ಮುಟ್ಟುವವರೆಗೆ ಕೆಡುವುದಿಲ್ಲ ಅಂತ ಒಣ ಸಿಗಡಿಯ ಪೊಟ್ಟಣ ಕೊಟ್ಟರು. ಚೌಕಾಸಿ ಮಾಡುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ಘಾಟಿಯುದ್ದಕ್ಕೂ ಇಡೀ ಬಸ್ಸು ನಮ್ಮನ್ನು ಶಪಿಸುತ್ತಿತ್ತು.

ಹಗರೆಯಲ್ಲಿ ಇಳಿದಾಗ ಸಂಜೆ. ಅವನ ಅವ್ವ ಸ್ಟಾಪಿಗೇ ಬಂದು ನಿಂತಿದ್ದರು. ಯಾವ ಬಸ್ಸಿನಲ್ಲಿ ಬರುತ್ತೇವೆ ಅಂತ ಹೇಳಿರಲಿಲ್ಲ, ಯಾವಾಗಿನಿಂದ ನಿಂತಿದ್ದರೋ. ನನ್ನ ಮುಖವನ್ನೂ ನೋಡದೆ ಮಗನ ಕೈಯಿಂದ ಪೊಟ್ಟಣ ತೆಗೆದುಕೊಂಡು ಮೂಸಿ, ‘ಇದೇನಾ ಹಾಸನದ ಟ್ಯೂಬು?’ ಅಂದರು.

ಸಂಪಾದಕರು ಈ ವಾರ ಅಂಕಣದ ಜೊತೆ ಮಲ್ಪೆಯ ಫೋಟೊ ಒಂದಾದರೂ ಬೇಕೇ ಬೇಕು ಅಂತ ಎರಡು ಸಲ ಹೇಳಿ ಕಳಿಸಿದ್ದಾರೆ. ಇದ್ದವೆಲ್ಲ ಪಡುಕೆರೆಯ ನೀರಿನಲ್ಲಿವೆ. ಈ ಪುಟದಲ್ಲಿ ಖಾಲಿ ಜಾಗ ಉಳಿದರೆ ಅಲ್ಲಿ ಯಾವುದಾದರೂ ಸೋಪಿನ ಜಾಹೀರಾತು ಹಾಕಿಕೊಳ್ಳಲಿ.